ಕೆಮ್ಮಣ್ಣಿನ ಗುರುತು

ಮಳೆ ಹಿಂದೆ ಸರಿದು, ಬದುಗಳ ಮೇಲಿನ ಹುಲ್ಲು ಬಲಿಯತೊಡಗಿತ್ತು. ಈಗ ಕೊಯ್ದು ಒಣಗಿಸಿ ಒಟ್ಟಿದರೆ ಬೇಸಿಗೆಗೆ ಮೇವು, ತಡ ಮಾಡಿದರೆ ಬರೀ ಕಡ್ಡಿ. ಹಾಗಾಗಿ ಅತ್ತಿಗೆ ನಸುಕಿನಲ್ಲೇ ಎದ್ದು ಆಡಿನ ದೊಡ್ಡಿ ಗುಡಿಸಿ, ಹಿಕ್ಕೆಯನ್ನು ಬುಟ್ಟಿಗೆ ತುಂಬಿ ತಿಪ್ಪೆಗೆ ಸುರಿದು, ತೊಟ್ಟಿಗೆ ನೀರು ಹೊತ್ತು ಹಾಕಿದ್ದಳು. ಹುಲ್ಲಿಗೆ ಹೊರಡುವ ಮುಂಚೆ ಇನ್ನೊಂದು ಕೆಲಸವಿತ್ತು. ಬಾಗಿಲ ಮೇಲಿನ ಸಂದಿನಲ್ಲಿ ಸಿಕ್ಕಿಸಿಟ್ಟಿದ್ದ ತಗಡಿನ ಡಬ್ಬಿ ತೆಗೆದು, ಅದರಲ್ಲಿದ್ದ ಕೆಮ್ಮಣ್ಣಿಗೆ ನೀರು ಬೆರೆಸಿ, ಮೂರು ಆಡುಗಳ ಸೊಂಟದ ಮೇಲೆ ಅಂಗೈಯಗಲ ಬಳಿದಳು. ಒಂದು ಕಂದು ಹೋತ, ಒಂದು ಚುಕ್ಕಿ ಹೋತ, ಮೂರನೆಯದು ದೊಡ್ಡಕರಿ ಎಂಬ ಗೊಡ್ಡು ಆಡು.

ಮಾರನೆಯ ಬೆಳಿಗ್ಗೆ ವ್ಯಾಪಾರಿಯ ಲಾರಿ ಬರುವುದಿತ್ತು. ಕೆಂಪು ಬಳಿದದ್ದು ಮಾರಿದ್ದು ಎಂದರ್ಥ. ಲಾರಿಯ ಆಳುಗಳು ಬಂದು ಕೆಂಪು ಕಂಡದ್ದನ್ನು ಹಿಡಿದು ಹತ್ತಿಸಿಕೊಂಡು ಹೋಗುತ್ತಿದ್ದರು. ಅತ್ತಿಗೆ ಎದುರಿಗೆ ನಿಂತಿರಬೇಕೆಂದೇನೂ ಇರಲಿಲ್ಲ. ನಿಲ್ಲಲು ಅವಳಿಗೆ ಇಷ್ಟವೂ ಇರಲಿಲ್ಲ. ಲಾರಿಯ ಸದ್ದು ಕೇಳಿದರೆ ಕೊಡ ಎತ್ತಿಕೊಂಡು ಬಾವಿಯ ಕಡೆ ಹೋಗಿಬಿಡುವಳು.

ಅವಳನ್ನು ಅತ್ತಿಗೆ ಎಂದು ಕರೆಯುತ್ತಿದ್ದ ಅವಳ ತಮ್ಮನ ಹೆಂಡತಿ ಊರಿನ ಶಾಲೆಯಲ್ಲಿ ಟೀಚರ್. ಒಂದೇ ಅಂಗಳ, ಎದುರುಬದುರು ಬಾಗಿಲು. ಟೀಚರ್ ತರಬೇತಿಗೆಂದು ಹೊರಗಿದ್ದ ಕಾಲದಲ್ಲಿ ಅವಳ ಹಸುಗೂಸನ್ನು ಸಾಕಿದವಳು ಅತ್ತಿಗೆಯೇ. ಆಡಿನ ಹಾಲು ಕುಡಿಸಿ, ಸೊಂಟದ ಮೇಲೆ ಹೊತ್ತುಕೊಂಡೇ ಮೇವು ತಂದು, ನಡೆಯುವಂತೆ ಮಾಡಿ ಕೈಗೆ ಕೊಟ್ಟಿದ್ದಳು. ಒಂದು ದಿನವೂ ಆ ಉಪಕಾರವನ್ನು ಬಾಯಿಬಿಟ್ಟು ಆಡಿದವಳಲ್ಲ. ಆಡಿದ್ದರೆ ಟೀಚರಿಗೆ ಹಗುರಾಗುತ್ತಿತ್ತೋ ಏನೋ, ತಿರುಗಿ ಒಂದು ಮಾತು ಹೇಳಲು ದಾರಿಯಾದರೂ ಇರುತ್ತಿತ್ತು.

ಆ ದಿನ ಟೀಚರಿಗೆ ಜೀವಿಗಳ ವರ್ಗೀಕರಣದ ಪಾಠವಿತ್ತು. ಪುಸ್ತಕದಲ್ಲಿ ಆನೆ, ಇರುವೆ, ಬಾವಲಿ, ತಿಮಿಂಗಿಲದ ಚಿತ್ರಗಳಿದ್ದವು. ರೆಕ್ಕೆ ಇದ್ದದ್ದು ಈ ಕಡೆ, ಇಲ್ಲದ್ದು ಆ ಕಡೆ ಎಂದು ಮಕ್ಕಳು ಹಿಂದಿನ ವರ್ಷದವರ ಬಾಯಿಂದ ಕೇಳಿದ್ದನ್ನೇ ಒಪ್ಪಿಸುತ್ತಿದ್ದರು. ಅವಳಿಗೆ ರೇಗಿತು.

"ಆನೆಗೂ ಇರುವೆಗೂ ವ್ಯತ್ಯಾಸ ಹೇಳೋಕೆ ಸ್ಕೂಲು ಬೇಕಾ? ಏಳಿ. ಒಂದೇ ಥರ ಇರೋದನ್ನ ಬೇರೆಬೇರೆ ಮಾಡಿ ತೋರಿಸಿ ನೋಡೋಣ."

ಬಣ್ಣದ ಸೀಮೆಸುಣ್ಣ ಎರಡು ಡಬ್ಬಿ, ನೀರಿನ ಬಕೆಟ್ಟು, ಹಳೆ ಬಟ್ಟೆ ಹಿಡಿಸಿಕೊಂಡು ತರಗತಿಯನ್ನು ಅತ್ತಿಗೆಯ ದೊಡ್ಡಿಗೆ ಕರೆತಂದಳು. ಅತ್ತಿಗೆ ಹುಲ್ಲಿಗೆ ಹೋಗಿಯಾಗಿತ್ತು. ಹಿಂದಿನ ರಾತ್ರಿಯೇ ಒಂದು ಮಾತು ಕೇಳಬಹುದಿತ್ತು. ಮನೆಯ ಆಡು ತಾನೆ ಎಂದು ಕೇಳಿರಲಿಲ್ಲ.

ಕೆಲಸ ಹೀಗೆ. ಹೌದು ಅಥವಾ ಅಲ್ಲ ಎಂದಷ್ಟೇ ಉತ್ತರ ಬರುವ ಒಂದು ಪ್ರಶ್ನೆ ಕೇಳಬೇಕು. ಹೌದು ಅನ್ನುವುದಕ್ಕೆ ಹಳದಿ ಗೆರೆ, ಅಲ್ಲ ಅನ್ನುವುದಕ್ಕೆ ಬಿಳಿ ಗೆರೆ. ಆಮೇಲೆ ಹಳದಿಯವುಗಳಲ್ಲಿ ಇನ್ನೊಂದು ಪ್ರಶ್ನೆ. ಹಾಗೆ ಒಡೆಯುತ್ತ ಒಡೆಯುತ್ತ ಕೊನೆಗೆ ಒಂದೊಂದು ಗುಂಪಿನಲ್ಲೂ ಒಂದೊಂದೇ ಆಡು ಉಳಿಯಬೇಕು.

"ಹೊರಗಿಂದ ಕಾಣೋದನ್ನ ಮಾತ್ರ ಕೇಳಬೇಕು," ಎಂದಳು ಟೀಚರ್. "ಇವತ್ತು ಇದ್ದು ನಾಳೆ ಇಲ್ಲದ್ದನ್ನ ಕೇಳಬಾರದು. ಅದು ಗುರುತಲ್ಲ."

"ಮಲಗಿದೆಯಾ ಅಂತ ಕೇಳಬಹುದಾ ಟೀಚರ್?"

"ಎದ್ದು ನಿಂತ್ರೆ?"

"ಕಾಲಿಗೆ ಕೆಸರಾಗಿದೆಯಾ?"

"ತೊಳೆದ್ರೆ?"

"ಇದರ ಗಡ್ಡ ಹೆಡ್ಮಾಷ್ಟ್ರ ಗಡ್ಡದ ಥರಾನೇ ಇದೆಯಾ?"

ಎಲ್ಲರೂ ನಕ್ಕರು. ನಗು ನಿಲ್ಲುವ ಮೊದಲೇ ಲಾಯರಮ್ಮ ಬಾಯಿ ಹಾಕಿದಳು: "ಅದೂ ಆಗಲ್ಲ ಕಣೋ. ಅವರು ನಾಳೆ ಬೋಳಿಸಿಕೊಂಡು ಬಂದ್ರೆ ಆಡು ಏನು ಮಾಡಬೇಕು?"

ಲಾಯರಮ್ಮ ಎಂಬುದು ತರಗತಿ ಇಟ್ಟ ಹೆಸರು. ಯಾವುದಕ್ಕೂ ಎದುರು ಮಾತು ಇಲ್ಲದೆ ಬಿಡದ ಹುಡುಗಿ. ಬೆಳಿಗ್ಗೆ ಅತ್ತಿಗೆಯ ಮನೆಗೆ ಹಾಲಿಗೆ ಬರುವವಳೂ ಅವಳೇ.

ಕೊಂಬು, ಕಿವಿ, ಬಣ್ಣ ಎಲ್ಲ ಸಲೀಸಾಗಿ ಮುಗಿದು, ಗುಂಪುಗಳು ಸಣ್ಣದಾಗುತ್ತ ಬಂದು, ಕೊನೆಗೆ ಎರಡು ಕರಿ ಆಡುಗಳ ಹತ್ತಿರ ಕೆಲಸ ನಿಂತಿತು. ದೊಡ್ಡಕರಿ, ಚಿಕ್ಕಕರಿ. ಹೆಸರಿಗಷ್ಟೇ ಒಂದು ದೊಡ್ಡದು ಒಂದು ಚಿಕ್ಕದು; ಅಕ್ಕತಂಗಿಯರು ಬೆಳೆದು ಒಂದೇ ಎತ್ತರಕ್ಕೆ ಬಂದಿದ್ದವು. ಕೊಂಬಿನ ಬಾಗು ಒಂದೇ, ಜೋಲು ಕಿವಿ ಒಂದೇ. ಸೊಂಟದ ಮೇಲೆ ಮೊದಲಿದ್ದ ಬಣ್ಣವೂ ಹಳದಿ ಬಿಳಿ ಗೆರೆಗಳಡಿ ಮುಚ್ಚಿಹೋಗಿತ್ತು. ಮಕ್ಕಳು ಸುತ್ತಿದರು, ಬಗ್ಗಿ ನೋಡಿದರು, ಬಾಲ ಎತ್ತಿ ಒದೆ ತಿಂದರು. ಲಾಯರಮ್ಮ ಕೊರಳ ಕೆಳಗೆ ಕೈ ಹಾಕಿದಳು.

"ಟೀಚರ್, ಇದಕ್ಕೆ ಕೊರಳ ಮೊಲೆ ಇದೆ. ಎರಡು."

ಕೆಲವು ಆಡುಗಳ ಗಂಟಲಲ್ಲಿ ಬೆರಳುದ್ದ ತೊಗಲಿನ ಜೋಡಿ ತೂಗುತ್ತಿರುತ್ತದೆ. ಅದನ್ನೇ ಕೊರಳ ಮೊಲೆ ಅನ್ನುವುದು. ದೊಡ್ಡಕರಿಗೆ ಜೋಡಿಯೇ ಇತ್ತು. ಚಿಕ್ಕಕರಿಗೆ ಎಡಗಡೆ ಮಾತ್ರ ಒಂದು ತೂಗುತ್ತಿತ್ತು. ಬಲಗಡೆ ಗಾಯದ ಕಲೆಯೂ ಇಲ್ಲ, ಹುಟ್ಟುವಾಗಲೇ ಇಲ್ಲ.

"ಕೊರಳ ಮೊಲೆ ಇದೆಯಾ ಅಂದ್ರೆ ಇದಕ್ಕೆ ಹೌದೋ ಅಲ್ಲವೋ?"

"ಒಂದಿದ್ರೂ ಇದ್ದ ಹಾಗೇ."

"ಒಂದು ಕಾಲಿಗೆ ಚಪ್ಪಲಿ ಹಾಕ್ಕೊಂಡು ಬಂದ್ರೆ ಚಪ್ಪಲಿ ಹಾಕ್ಕೊಂಡಿದೀನಿ ಅಂತೀಯಾ?"

ಜಗಳ ಗಂಟೆ ಹೊಡೆಯುವವರೆಗೂ ನಡೆಯಿತು. ಟೀಚರಿಗೆ ಸಂತೋಷವಾಗಿತ್ತು. ಪುಸ್ತಕದ ಚಿತ್ರ ನೋಡಿ ಮಕ್ಕಳು ಹೀಗೆ ಕಿತ್ತಾಡಿದ್ದನ್ನು ಅವಳು ಕಂಡಿರಲಿಲ್ಲ. "ಪ್ರಶ್ನೇನೇ ಸರಿ ಇಲ್ಲ. ಎರಡಿದೆಯಾ ಅಂತ ಕೇಳಿ, ಆಗ ಜಗಳ ಇರಲ್ಲ," ಎಂದು ತೀರ್ಪು ಕೊಟ್ಟು, "ಈಗ ಬಣ್ಣ ಎಲ್ಲ ಒರೆಸಿ, ಒಂದು ಗೆರೆ ಉಳೀಬಾರದು" ಎಂದಳು. ಸಾಲು ಮಾಡಿಸಿ ಹೊರಡಿಸುವ ಗಡಿಬಿಡಿಯಲ್ಲಿ ಮುಂದೆ ನಡೆದಳು.

ಮಕ್ಕಳು ಎಲ್ಲವನ್ನೂ ಒರೆಸಿದರು. ಹಿಂದೆ ಉಳಿದು ಬಟ್ಟೆ ಹಿಂಡುತ್ತಿದ್ದ ಲಾಯರಮ್ಮನ ಕೈಗೆ ಕೆಂಪು ನೀರು ಇಳಿಯಿತು. ಅವಳು ನಿಂತಳು. ನಾವು ಕೆಂಪು ಹಚ್ಚೇ ಇಲ್ಲವಲ್ಲ! ಬೆಳಿಗ್ಗೆಯೇ ಮೂರರ ಮೇಲೆ ಕೆಂಪಿದ್ದದ್ದು ನೆನಪಾಯಿತು. ಡಬ್ಬಿ ಎಲ್ಲಿರುತ್ತದೆಂದು ಹಾಲಿಗೆ ಬರುವವಳಿಗೆ ಗೊತ್ತು. ಕಂದು ಹೋತಕ್ಕೆ ಹಚ್ಚಿದಳು, ಚುಕ್ಕಿ ಹೋತಕ್ಕೆ ಹಚ್ಚಿದಳು. ಮೂರನೆಯದು ಕರಿ ಆಡು. ಯಾವ ಕರಿ? ಬೆಳಿಗ್ಗೆ ಹಾಲಿಗೆ ಬಂದಾಗ ಅದು ನೀರಿನ ತೊಟ್ಟಿಯ ಹತ್ತಿರ ಮಂಡಿಯವರೆಗೆ ಕೆಸರು ಮಾಡಿಕೊಂಡು ನಿಂತಿತ್ತು. ತಿರುಗಿ ನೋಡಿದರೆ ತೊಟ್ಟಿಯ ಹತ್ತಿರ ಮಂಡಿಯವರೆಗೆ ಕೆಸರಾದ ಕರಿ ಆಡು ಇತ್ತು. ಹಚ್ಚಿ, ಕೈ ತೊಳೆದು, ಓಡಿ ಸಾಲಿಗೆ ಸೇರಿಕೊಂಡಳು. ತಪ್ಪನ್ನು ಸರಿ ಮಾಡಿದ ಸಮಾಧಾನ ಮುಖದಲ್ಲಿತ್ತು.

ಸಂಜೆ ಹುಲ್ಲಿನ ಹೊರೆ ಇಳಿಸಿ ಅತ್ತಿಗೆ ದೊಡ್ಡಿಗೆ ಇಣುಕಿದಳು. ಮಬ್ಬಿನಲ್ಲಿ ಮೂರು ಕೆಂಪು ಕಂಡವು. ಸೊಪ್ಪು ಹಾಕಿ ಬಾಗಿಲು ಎಳೆದಳು.

ಬೆಳಿಗ್ಗೆ ಲಾರಿ ಬಂತು, ಅತ್ತಿಗೆ ಬಾವಿಗೆ ಹೋದಳು, ಲಾರಿ ಹೋಯಿತು. ಕೊಡ ಇಳಿಸಿ ದೊಡ್ಡಿಯ ಬಾಗಿಲು ತೆಗೆದಾಗ ದೊಡ್ಡಕರಿ ಮೆಲುಕು ಹಾಕುತ್ತ ಎದುರಿಗೇ ನಿಂತಿತ್ತು. ಚಿಕ್ಕಕರಿ ಇರಲಿಲ್ಲ.

ತಲೆಗೆ ಹಣಿಗೆ ಸಿಕ್ಕಿಸಿಕೊಂಡೇ ಟೀಚರ್ ಅಂಗಳಕ್ಕೆ ಬಂದಳು. ಅತ್ತಿಗೆ ಕೂಗಾಡುವವಳಲ್ಲ. ಕೋಪ ಬಂದಷ್ಟೂ ದನಿ ಇಳಿಯುತ್ತಿತ್ತು.

"ನಿನ್ನೆ ಯಾರು ಬಂದಿದ್ರು ಇಲ್ಲಿ?"

"ನಾನೇ ಅತ್ತಿಗೆ. ಮಕ್ಕಳನ್ನ ಕರ್ಕೊಂಡು ಬಂದಿದ್ದೆ. ಪಾಠಕ್ಕೆ."

"ಬಣ್ಣ ಹಚ್ಚಿದ್ರಾ?"

"ಹಚ್ಚಿ ಒರೆಸಿದ್ವಿ. ಎಲ್ಲಾ ಒರೆಸಿಸಿದೆ."

"ಎಲ್ಲಾ ಒರೆಸಿದ್ರೆ ಕೆಂಪು ಎಲ್ಲಿಂದ ಬಂತು?"

ಟೀಚರಿಗೆ ಉತ್ತರ ಗೊತ್ತಿರಲಿಲ್ಲ. ಹಾಲಿನ ಪಾತ್ರೆ ಹಿಡಿದು ಬೇಲಿಯ ಹತ್ತಿರ ನಿಂತಿದ್ದ ಲಾಯರಮ್ಮನಿಗೆ ಗೊತ್ತಿತ್ತು. ಅವಳು ಮೊದಲ ಸಲ ಎದುರು ಮಾತಿಲ್ಲದೆ, ನೆಲ ನೋಡುತ್ತ, ಬಟ್ಟೆ ಹಿಂಡಿದ್ದರಿಂದ ಕೆಸರಿನ ಮಂಡಿಯವರೆಗೆ ಎಲ್ಲವನ್ನೂ ಹೇಳಿದಳು.

"ಕೆಸರು ನೋಡಿ ಹಚ್ಚಿದ್ಯಾ?" ಎಂದಳು ಟೀಚರ್. ಅವಳಿಗೆ ಅಷ್ಟು ಹೊತ್ತು ಹೇಳಿಕೊಟ್ಟ ಪಾಠವೆಲ್ಲ ಕಣ್ಣ ಮುಂದೆ ಬಂತು.

"ಆಗ ಅದೊಂದೇ ನೆನಪಿದ್ದದ್ದು ಟೀಚರ್."

"ಆ ಹುಡುಗೀನ ಯಾಕೆ ಕೇಳ್ತೀಯ," ಎಂದಳು ಅತ್ತಿಗೆ. "ನೀನು ನನ್ನ ಕೇಳಿದ್ಯಾ?"

ಚಿಕ್ಕಕರಿ ಗಬ್ಬ ಕಟ್ಟಿತ್ತು. ಇನ್ನೂ ಹೊಟ್ಟೆ ಇಳಿದಿರಲಿಲ್ಲ, ನೋಡಿದವರಿಗೆ ಮೈ ಕೈ ತುಂಬಿಕೊಂಡ ಆಡು ಅಷ್ಟೆ. ಅದಕ್ಕೆ ಬಿಟ್ಟಿದ್ದ ಹೋತ ಬೀದಿಯ ಕೊನೆಯ ಮನೆಯ ಮಾವನದು. ಅವನು ಹೋತ ಬಿಡುವುದಕ್ಕೆ ಏನೂ ಕೇಳುತ್ತಿರಲಿಲ್ಲ, ಹುಟ್ಟಿದ ಮರಿಗಳಲ್ಲಿ ಒಂದನ್ನು ಆರಿಸಿ ಒಯ್ಯುತ್ತಿದ್ದ. ಅತ್ತಿಗೆ ಮಾತು ಕೊಟ್ಟಾಗಿತ್ತು. ದೊಡ್ಡಕರಿ ಗೊಡ್ಡು ಬಿದ್ದ ಮೇಲೆ ಅವೆರಡರ ತಾಯಿಯ ಸಂತಾನ ಮುಂದುವರಿಯಬೇಕಾದದ್ದು ಚಿಕ್ಕಕರಿಯಲ್ಲೇ. ಒಂದು ಕಾಲಕ್ಕೆ ದೊಡ್ಡಿಯಲ್ಲಿದ್ದ ಅರ್ಧ ಆಡು ಆ ತಾಯಿಯಿಂದ ಬಂದಂಥವು. ಲಾರಿ ಮಧ್ಯಾಹ್ನದೊಳಗೆ ಸಂತೆಯಿಂದ ಪಟ್ಟಣದ ಕಸಾಯಿಖಾನೆಗೆ ಹೊರಡುತ್ತದೆ.

ತಮ್ಮ ತನ್ನ ಸಾಮಾನು ಸಾಗಿಸುವ ಮೂರು ಚಕ್ರದ ಗಾಡಿ ತಂದ. ಹಿಂದೆ ದೊಡ್ಡಕರಿಯನ್ನು ಕಟ್ಟಿ, ಅದರ ಪಕ್ಕ ಅತ್ತಿಗೆ ಮತ್ತು ಟೀಚರ್ ಕುಕ್ಕರಗಾಲಲ್ಲಿ ಕುಳಿತರು. ಲಾಯರಮ್ಮ ತಾನಾಗೇ ಹತ್ತಿದಳು.

"ನೀನೆಲ್ಲಿಗೆ? ಸ್ಕೂಲಿಗೆ ಹೋಗು," ಎಂದಳು ಟೀಚರ್.

"ಹಚ್ಚಿದ್ದು ನಾನು ತಾನೆ. ಅವರು ಕೇಳಿದ್ರೆ ಯಾರು ಹೇಳ್ತಾರೆ?"

ಅತ್ತಿಗೆ ಸರಿದು ಜಾಗ ಕೊಟ್ಟಳು.

ಸಂತೆಯ ಅಂಗಳದಲ್ಲಿ ಕಂಬಿಗಳ ಹಿಂದೆ ಆಡುಗಳು ಒತ್ತಾಗಿ ನಿಂತಿದ್ದವು. ಲಾರಿಯಿಂದ ಇಳಿದದ್ದಕ್ಕೆಲ್ಲ ಬೆನ್ನುದ್ದ ನೀಲಿ ಪಟ್ಟೆ ಎಳೆದಿದ್ದರು. ಯಾವ ಊರಿನ ಕೆಂಪೂ ಕಾಣುತ್ತಿರಲಿಲ್ಲ. ತೂಕದ ಚಪ್ಪರದಡಿ ವ್ಯಾಪಾರಿ ಚಹಾ ಕುಡಿಯುತ್ತಿದ್ದ. ಅತ್ತಿಗೆಯ ಮಾತು ಪೂರ್ತಿ ಕೇಳಿಸಿಕೊಂಡ.

"ಮಾರಿದ ಮೇಲೆ ಎಲ್ಲರಿಗೂ ತಪ್ಪು ಆಡು ಬಂದಿದೆ ಅನ್ಸುತ್ತೆ ಅಕ್ಕ. ಬೆಳಗಿಂದ ನೀವೇ ಮೊದಲಲ್ಲ."

"ಸುಳ್ಳು ಹೇಳೋಕೆ ಇಷ್ಟು ದೂರ ಬರ್ತೀನಾ ಅಣ್ಣ?"

"ನೀವಲ್ಲ, ಬೇರೆಯವರು ಬರ್ತಾರೆ. ಒಳಗೆ ಕರಿ ಆಡು ಎಷ್ಟಿವೆ ನೋಡಿ. ಸೊರಗಿದ್ದನ್ನ ತಂದು, ಕೊಬ್ಬಿದ್ದೊಂದನ್ನ ತೋರಿಸಿ ಇದೇ ನಮ್ದು ಅಂದ್ರೆ ನಾನೇನು ಮಾಡಲಿ? ಗುರುತು ಹೇಳಿ. ಇಲ್ಲೇ ನಿಂತು ಹೇಳಿ, ನಾನು ಒಳಗೆ ಹೋಗಿ ನೋಡ್ಕೊಂಡು ಬರ್ತೀನಿ."

"ನಾನು ಕೂಗಿದ್ರೆ ಬರುತ್ತೆ."

"ಸೊಪ್ಪು ಹಿಡಿದ್ರೆ ನನ್ನ ಹತ್ರಾನೂ ಬರುತ್ತೆ."

"ಮುಖ ನೋಡಿದ್ರೆ ಗೊತ್ತಾಗುತ್ತೆ ನಂಗೆ."

"ಆಡಿನ ಮುಖ ಆಡಿನ ಥರಾನೇ ಇರುತ್ತೆ ಅಕ್ಕ. ನಂಗೆ ಗೊತ್ತಾಗೋ ಹಾಗೆ ಹೇಳಿ."

ಚಿಕ್ಕಕರಿ ಹುಟ್ಟಿದಾಗ ಮೈ ಒರೆಸಿದ್ದು ಅತ್ತಿಗೆಯೇ. ಕತ್ತಲಲ್ಲಿ ಕೆಮ್ಮಿದರೂ ಇದು ಅದೇ ಎಂದು ಹೇಳಬಲ್ಲಳು. ಆದರೆ ಅದು ಹೇಗಿದೆ ಎಂದು ಇನ್ನೊಬ್ಬರಿಗೆ ಹೇಳುವ ಪ್ರಮೇಯ ಅವಳಿಗೆ ಬಂದಿರಲಿಲ್ಲ. ಟೀಚರ್ ಲಾಯರಮ್ಮನ ಬೆನ್ನ ಮೇಲೆ ಕೈ ಇಟ್ಟಳು.

"ಹೇಳು. ನಿನ್ನೆ ಮಾಡಿದ ಹಾಗೇ. ಒಂದೊಂದಾಗಿ."

ಹುಡುಗಿ ಒಂದೊಂದೇ ಬೆರಳು ಮಡಚಿದಳು. "ಹೆಣ್ಣು. ಮೈಯೆಲ್ಲಾ ಕಪ್ಪು, ಬೇರೆ ಬಣ್ಣ ಎಲ್ಲೂ ಇಲ್ಲ. ಕೊಂಬಿದೆ, ಹಿಂದಕ್ಕೆ ಬಾಗಿದೆ. ಕಿವಿ ಜೋತು ಬಿದ್ದಿದೆ. ಗಡ್ಡ ಇಲ್ಲ. ಕೊರಳ ಮೊಲೆ ಒಂದೇ ಒಂದು. ಎಡಗಡೆ. ಬಲಗಡೆ ಇಲ್ಲವೇ ಇಲ್ಲ, ಕಲೇನೂ ಇಲ್ಲ."

ವ್ಯಾಪಾರಿ ಲೋಟ ಕೆಳಗಿಟ್ಟು ಒಳಗೆ ಹೋದ. ಆಡುಗಳ ನಡುವೆ ಅವನ ಬೆನ್ನು ಬಗ್ಗಿ ಏಳುವುದು, ಬಗ್ಗಿ ಏಳುವುದು ಕಾಣುತ್ತಿತ್ತು. ದೊಡ್ಡಕರಿ ಗಾಡಿಯ ಹಗ್ಗ ಅಗಿಯುತ್ತಿತ್ತು. ಬಹಳ ಹೊತ್ತಿನ ಮೇಲೆ ಅವನು ಒಂದು ಆಡಿನ ಕಿವಿ ಹಿಡಿದು ಕಂಬಿಯ ಹತ್ತಿರ ಬಂದ.

"ಒಂದೇ ಇದೆ," ಎಂದ. "ಎರಡಿರೋದು ನೋಡಿದೀನಿ, ಇಲ್ಲದ್ದು ನೋಡಿದೀನಿ. ಒಂದು ಇರೋದು ನೋಡಿದ ನೆನಪಿಲ್ಲ."

"ನಾನೂ ನೋಡಿಲ್ಲ," ಎಂದಳು ಅತ್ತಿಗೆ, ಚಿಕ್ಕಕರಿಯ ಕೊರಳು ಸವರುತ್ತ. ಅವಳ ದನಿಯಲ್ಲಿ ನಾಚಿಕೆಗಿಂತ ಬೆರಗೇ ಹೆಚ್ಚಿತ್ತು. "ದಿನಾ ಹಗ್ಗ ಕಟ್ಟಿದೀನಿ ಇದರ ಕೊರಳಿಗೆ."

"ಆಡು ನಿಮ್ಮದು ಅಂತ ಗೊತ್ತಾಯ್ತು. ಆದರೆ ಇದನ್ನ ಮಾರಿಲ್ಲ ಅಂತ ಹೇಗೆ ಗೊತ್ತಾಗಬೇಕು? ಇದರ ಮೇಲೆ ಕೆಂಪಿತ್ತು."

ಲಾಯರಮ್ಮ ಮುಂದೆ ಬಂದು ಕೆಸರಿನ ಕತೆಯನ್ನು ಮತ್ತೆ ಹೇಳಿದಳು. ವ್ಯಾಪಾರಿ ಹೊಟ್ಟೆ ಕುಲುಕುವಂತೆ ನಕ್ಕ. ನಕ್ಕು ಮುಗಿದ ಮೇಲೆ ದೊಡ್ಡಕರಿಯ ಬೆನ್ನುಮೂಳೆಯ ಮೇಲೆ ಹೆಬ್ಬೆರಳು ಒತ್ತಿಕೊಂಡು ಹೋದ. ಅವನ ಮುಖ ಮತ್ತೆ ವ್ಯಾಪಾರಿಯದಾಯಿತು.

"ಇದು ಹಗುರ. ತಗೋತೀನಿ, ತಲೆಗೆ ತಲೆ. ಆದರೆ ಒಂದು ಮಾತಾಗಬೇಕು. ಮುಂದಿನ ವರ್ಷ ನಾನೇ ಬರ್ತೀನಿ. ನಿಮ್ಮ ದೊಡ್ಡೀಲಿ ನಾನು ಬೆರಳು ತೋರಿಸಿದ್ದನ್ನ ಕೊಡಬೇಕು. ಮಾಂಸದ ಬೆಲೆ ಕೊಟ್ಟೇ ಒಯ್ತೀನಿ. ಆಯ್ಕೆ ಮಾತ್ರ ನಂದು. ಚಿಕ್ಕಕರಿ ಒಂದನ್ನ ಬಿಟ್ಟು ಯಾವುದಾದ್ರೂ."

"ಅದು ಹೇಗೆ ಸರಿಯಾಗುತ್ತೆ?" ಎಂದಳು ಟೀಚರ್. "ತಪ್ಪು ನಂದು. ನನ್ನ ಹತ್ರ ಕೇಳಿ."

"ನಿನ್ನ ಹತ್ರ ಆಡೆಲ್ಲಿದೆ?" ಎಂದಳು ಅತ್ತಿಗೆ. ಆಮೇಲೆ ವ್ಯಾಪಾರಿಯ ಕಡೆ ತಿರುಗಿ, "ಆಯ್ತು" ಎಂದಳು.

ಬರುವಾಗ ದಾರಿಯುದ್ದಕ್ಕೂ ಚಿಕ್ಕಕರಿಯ ತಲೆ ಅತ್ತಿಗೆಯ ಮಡಿಲಲ್ಲಿತ್ತು. ಅವಳ ಸೀರೆಗೆ ನೀಲಿ ಮೆತ್ತಿಕೊಂಡಿತ್ತು.

ಚಳಿ ಕಳೆಯುವ ಹೊತ್ತಿಗೆ ಚಿಕ್ಕಕರಿ ಎರಡು ಮರಿ ಹಾಕಿತು. ಒಂದು ಗಂಡು, ಒಂದು ಹೆಣ್ಣು, ಎರಡೂ ಕಪ್ಪು. ಹಾಲು ಬಿಟ್ಟ ಮೇಲೆ ಹೋತದ ಮಾವ ಬಂದ. ಅತ್ತಿಗೆ ಅವತ್ತು ಬೆಳಗಿನಿಂದ ಊಟ ಮಾಡಿರಲಿಲ್ಲ. ಅವನು ಎರಡನ್ನೂ ಎತ್ತಿ ನೋಡಿ, "ನನ್ನ ಹೋತಕ್ಕೆ ವಯಸ್ಸಾಯ್ತಮ್ಮ, ಗಂಡೇ ಇರಲಿ" ಎಂದು ಗಂಡುಮರಿಯನ್ನು ಹೆಗಲಿಗೇರಿಸಿಕೊಂಡು ಹೋದ. ಅತ್ತಿಗೆ ಒಳಗೆ ಹೋಗಿ ತಟ್ಟೆ ಹಾಕಿಕೊಂಡಳು.

ಉಳಿದ ಹೆಣ್ಣುಮರಿ ಚೆನ್ನಾಗಿ ಬೆಳೆಯಿತು. ಅದಕ್ಕೆ ಕೊರಳ ಮೊಲೆ ಎರಡೂ ಇದ್ದವು. ಅದನ್ನು ಮೊದಲು ನೋಡಿ ಹೇಳಿದ್ದು ಹಾಲಿಗೆ ಬರುವ ಲಾಯರಮ್ಮ. ಟೀಚರ್ ಮಾತ್ರ ದೊಡ್ಡಿಯ ಒಳಗೆ ಕಾಲಿಟ್ಟಿರಲಿಲ್ಲ. ಬರಬೇಡ ಎಂದು ಅತ್ತಿಗೆ ಹೇಳಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ. ಸಾರು, ಪಲ್ಯ ಮೊದಲಿನ ಹಾಗೇ ಅಂಗಳ ದಾಟಿ ಆಚೆಯಿಂದೀಚೆ ಓಡಾಡುತ್ತಿದ್ದವು. ಮಾತು ಅಷ್ಟಿರಲಿಲ್ಲ.

ಮತ್ತೆ ಹುಲ್ಲು ಬಲಿಯಿತು. ಒಂದು ಭಾನುವಾರ ಬೆಳಿಗ್ಗೆ ವ್ಯಾಪಾರಿ ತಾನೇ ಬಂದ. ಅತ್ತಿಗೆ ಕುಡುಗೋಲು ಮಸೆಯುತ್ತಿದ್ದಳು. ಲಾಯರಮ್ಮ ಹಾಲಿಗೆ ಕಾಯುತ್ತಿದ್ದಳು. ಟೀಚರ್ ತನ್ನ ಬಾಗಿಲಿನಿಂದ ನೋಡಿ, ಬಟ್ಟೆ ಒಣಹಾಕುವುದನ್ನು ಬಿಟ್ಟು ಬೇಲಿಯವರೆಗೆ ಬಂದಳು. ವ್ಯಾಪಾರಿ ಆಡುಗಳ ನಡುವೆ ನಿಧಾನವಾಗಿ ನಡೆದ. ಬೆನ್ನು ಮುಟ್ಟಿದ, ತೊಡೆ ಹಿಚುಕಿದ, ಕೊಬ್ಬಿದ ಹೋತಗಳ ಹತ್ತಿರ ನಿಂತ, ಮುಂದೆ ಹೋದ. ಕೊನೆಗೆ ಬೆರಳು ತೋರಿಸಿದ. ಚಿಕ್ಕಕರಿಯ ಮಗಳು, ಸಾಕುವವರು ಮಾಂಸದ ಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳುವಂಥ ಹೆಣ್ಣು.

"ಅಣ್ಣ, ಹೋತ ತಗೊಳ್ಳಿ," ಎಂದಳು ಟೀಚರ್ ಬೇಲಿಯಾಚೆಯಿಂದ. "ಬೇಕಾದ್ರೆ ಎರಡು ತಗೊಳ್ಳಿ. ಅದು ಹೆಣ್ಣು, ಅದನ್ನ—"

"ನೀನು ಸುಮ್ನಿರು," ಎಂದಳು ಅತ್ತಿಗೆ. "ಮಾತಾಗಿದೆ."

ವ್ಯಾಪಾರಿ ತೋರಿಸಿದ ಬೆರಳನ್ನು ಇಳಿಸಲಿಲ್ಲ. ಅತ್ತಿಗೆ ಬಾಗಿಲ ಮೇಲಿನಿಂದ ಡಬ್ಬಿ ತೆಗೆದು, ನೀರು ಬೆರೆಸಿ, ಲಾಯರಮ್ಮನ ಮುಂದೆ ಹಿಡಿದಳು.

"ಹಚ್ಚು."

"ನಾನಾ?"

"ನೀನೇ. ನೋಡಿ ಹಚ್ಚು."

ಅದೇ ವಯಸ್ಸಿನ, ಅದೇ ಬಣ್ಣದ ಇನ್ನೂ ಎರಡು ಮರಿಗಳು ಅಲ್ಲಿದ್ದವು. ಹುಡುಗಿ ಹಾಲಿನ ಪಾತ್ರೆ ಕೆಳಗಿಟ್ಟಳು. ಒಂದರ ಕೊರಳಿಗೆ ಕೈ ಹಾಕಿ ನೋಡಿ ಬಿಟ್ಟಳು. ಇನ್ನೊಂದರ ಕೊಂಬು ನೋಡಿ ಬಿಟ್ಟಳು. ಮೂರನೆಯದನ್ನು ಎರಡು ಕಾಲುಗಳ ನಡುವೆ ಒತ್ತಿ ಹಿಡಿದು, ಕೊರಳ ಎರಡೂ ಕಡೆ ಬೆರಳಾಡಿಸಿ, ಕಿವಿ ಎತ್ತಿ ನೋಡಿ, ಮತ್ತೊಮ್ಮೆ ಕೊರಳು ಮುಟ್ಟಿ, ಆಮೇಲೆ ಸೊಂಟದ ಮೇಲೆ ಅಂಗೈಯಗಲ ಕೆಂಪು ಬಳಿದಳು.

"ಅಲ್ಲಿಗೆ ನಮ್ಮಿಬ್ಬರ ಲೆಕ್ಕ ಮುಗೀತು ಅಕ್ಕ," ಎಂದ ವ್ಯಾಪಾರಿ. "ನಾಳೆ ಲಾರಿ ಕಳಿಸ್ತೀನಿ."

ಅವನು ಹೋದ ಮೇಲೆ ಅತ್ತಿಗೆ ಹಾಲು ಕರೆದು ಹುಡುಗಿಯ ಪಾತ್ರೆಗೆ ಹಾಕಿದಳು. ಬೇಲಿಯ ಹತ್ತಿರ ಟೀಚರ್ ಇನ್ನೂ ನಿಂತಿದ್ದಳು.

"ಆ ಪಾಠ ಈ ವರ್ಷ ಯಾವಾಗ ನಿಂದು?"

"ಈ ವಾರ ಅತ್ತಿಗೆ. ಎಲೆ ಇಟ್ಕೊಂಡು ಮಾಡೋಣ ಅಂತ ಇದ್ದೆ."

"ಎಲೆ ಏನು ಮಾಡ್ತೀಯ. ನಾಡಿದ್ದು ಕರ್ಕೊಂಡು ಬಾ. ಲಾರಿ ಹೋದ ಮೇಲೆ." ಅತ್ತಿಗೆ ಕುಡುಗೋಲಿನ ಅಂಚಿಗೆ ಹೆಬ್ಬೆರಳು ತಾಗಿಸಿ ನೋಡಿದಳು. "ಬಣ್ಣ ತರಬೇಡ. ಗುರುತಿಗೆ ದಾರ ತಗೊಂಡು ಬಾ."

ಟೀಚರ್ ಬೇಲಿಯ ತಡಿಕೆ ಸರಿಸಿ ಒಳಗೆ ಬಂದಳು. ಭಾನುವಾರ, ಅವಳಿಗೆ ರಜೆ. ಗೋಡೆಗೆ ಸಿಕ್ಕಿಸಿದ್ದ ಇನ್ನೊಂದು ಕುಡುಗೋಲನ್ನು ಕೈಗೆ ತೆಗೆದುಕೊಂಡಳು.

"ಅದು ಮೊಂಡು," ಎಂದು ಅತ್ತಿಗೆ ಈಗಷ್ಟೇ ಮಸೆದದ್ದನ್ನು ಅವಳ ಕೈಗೆ ಕೊಟ್ಟು, ಮೊಂಡಾದದ್ದನ್ನು ತಾನು ತೆಗೆದುಕೊಂಡಳು. ಇಬ್ಬರೂ ಬದುವಿನ ಕಡೆ ಹೊರಟರು.